ಹೊಂಗೆಹುಂಡಿಯ ಮಾನ್ಯತೆ ಪಡೆದ ಗುಡಿಸಲು

ಸಂತೆಮರಹಳ್ಳಿಯಿಂದ ಉಮ್ಮತ್ತೂರಿಗೆ ಹೋಗುವ ಬಸ್ಸು ಹೊಂಗೆಹುಂಡಿ ಎಂಬ ಊರಿನಲ್ಲಿ ನಿಲ್ಲುತ್ತದೆ. ಸದರಿ ಊರಿನ ಶಿವಮ್ಮನ ಮನೆಯಲ್ಲಿ ಬಡತನ ಸಾಲದು ಎಂಬುದು ಫೆಬ್ರವರಿ ತಿಂಗಳ ಮೊದಲನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತೀರ್ಮಾನವಾಯಿತು.

ತೀರ್ಮಾನ ಮಾಡಿದವಳು ಸ್ಪಂದನಾ. ಮೈಸೂರಿನ ಒಂದು ಸಿನಿಮಾ ಶಾಲೆಯಲ್ಲಿ ಕೊನೇ ವರ್ಷ ಓದುತ್ತಿದ್ದ ಈ ಹುಡುಗಿ, ಐದು ಜನ ಸಹಪಾಠಿಗಳನ್ನು ಕಟ್ಟಿಕೊಂಡು ಮೊದಲ ಚಿತ್ರ ತೆಗೆಯಲು ಬಂದಿದ್ದಳು. ಅವರ ಮೇಷ್ಟ್ರು ಇಂಗ್ಲೆಂಡಿನಲ್ಲಿ ಒಂಬತ್ತು ತಿಂಗಳು ಇದ್ದು ಬಂದವರು. ಬಡವರ ಅಡುಗೆಮನೆ, ಮೋಡ ಕವಿದ ಆಕಾಶ, ಒದ್ದೆ ರಸ್ತೆ, ಕಿಟಕಿಯಾಚೆ ನೋಡುತ್ತ ಟೀ ಕುಡಿಯುವ ಹೆಂಗಸು, ಇಷ್ಟಿದ್ದರೆ ಅದು ಬ್ರಿಟಿಷ್ ಮಾದರಿಯ ಸಾಮಾಜಿಕ ವಾಸ್ತವವಾದಿ ಚಿತ್ರ, ಇಲ್ಲದಿದ್ದರೆ ಬರೀ ಸಿನಿಮಾ ಎಂದು ಅವರು ಕಲಿಸಿದ್ದರು. ಲಂಡನ್ನಿನ ಒಂದು ಸಂಸ್ಥೆ ಅಷ್ಟಿಷ್ಟು ದುಡ್ಡನ್ನೂ ಹನ್ನೊಂದು ನಿಯಮಗಳನ್ನೂ ಕಳಿಸಿತ್ತು. ನಾಲ್ಕನೇ ನಿಯಮ ಹೀಗಿತ್ತು: "ಚಿತ್ರದಲ್ಲಿ ಬರುವ ಬಡವರು ಸಕಾರಣವಿಲ್ಲದೆ ನಗತಕ್ಕದ್ದಲ್ಲ."

ಶಿವಮ್ಮನ ಮನೆ ಶೀಟು ಹೊದಿಸಿದ ಒಂದೂವರೆ ಕೋಣೆ. ಅವಳು ಕೂಲಿಗೆ ಹೋಗುವವಳು. ಗಂಡ ಪುಟ್ಟಮಾದಯ್ಯ ಬಾಳೆಗೊನೆ ತುಂಬುವಾಗ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮಾರ್ಚ್ ಇಪ್ಪತ್ತಕ್ಕೆ ಆಪರೇಷನ್ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬಡವರ ಕಾರ್ಡಿದ್ದರೆ ಬಿಟ್ಟಿ, ಇಲ್ಲದಿದ್ದರೆ ಮನೆ ಮಾರಿದರೂ ಮುಗಿಯದ ಬಾಬತ್ತು. ಕಾರ್ಡು ಇತ್ತು. ಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ದೇವರ ಪಕ್ಕದಲ್ಲೇ ಇತ್ತು.

ಇಷ್ಟೆಲ್ಲ ಅರ್ಹತೆ ಇಟ್ಟುಕೊಂಡು ಶಿವಮ್ಮ ಒಂದು ತಪ್ಪು ಮಾಡಿದಳು. ಕ್ಯಾಮೆರಾದವರು ಬರುತ್ತಾರೆಂದು ಗೊತ್ತಾದ ಕೂಡಲೇ ಗೋಡೆಗೆ ಸುಣ್ಣ ಬಳಿದಳು. ಎದುರು ಮನೆಯಿಂದ ನಾಲ್ಕು ಕುರ್ಚಿ, ಮೇಲಿನ ಬೀದಿಯಿಂದ ಒಂದು ಟೀಪಾಯಿ, ಅಕ್ಕನ ಸೊಸೆಯಿಂದ ರೇಷ್ಮೆ ಸೀರೆ ಎರವಲು ತಂದಳು. ಸ್ಪಂದನಾ ಬಾಗಿಲಲ್ಲೇ ನಿಂತು, ದಿನಾ ಹೀಗೇ ಇರುತ್ತೀರಾ ಎಂದು ಕೇಳಿದಳು.

"ಇರಲ್ಲ ಕಣವ್ವ," ಅಂದಳು ಶಿವಮ್ಮ. "ಒರಗಿನೋರು ಬಂದಾಗ ಇನ್ನೆಂಗಿರದು?"

ವಾಸ್ತವಕ್ಕೆ ಧಕ್ಕೆಯಾಗಿತ್ತು. ಆದ್ದರಿಂದ ಶಿವಮ್ಮನ ಹಿತ್ತಲಲ್ಲಿ ಸೋಗೆ ಹೊದಿಸಿದ ಒಂದು ಗುಡಿಸಲು ಕಟ್ಟುವುದೆಂದೂ, ಅದಕ್ಕೆ ಬೇಕಾದ ಬಡತನವನ್ನು ಹೊರಗಿನಿಂದ ತರಿಸುವುದೆಂದೂ ನಿರ್ಧಾರವಾಯಿತು. ಹೀಗೆ ಗುಂಡ್ಲುಪೇಟೆಯ ಗುರುಮಲ್ಲಯ್ಯನಿಗೆ ಫೋನು ಹೋಯಿತು.

ಗುರುಮಲ್ಲಯ್ಯನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮೂವತ್ತು ವರ್ಷದಿಂದ ಅವನು ಒಂದು ದಿನದ ಸಿರಿವಂತಿಕೆಯನ್ನು ಬಾಡಿಗೆಗೆ ಕೊಟ್ಟವನು. ಸಿಂಹಾಸನದಂಥ ಕುರ್ಚಿ, ಬೆಳ್ಳಿಯಂತೆ ಹೊಳೆಯುವ ತಟ್ಟೆ, ಮಖಮಲ್ಲಿನ ಪರದೆ ಎಲ್ಲ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು ಬರುತ್ತಿದ್ದವು. ಬಡತನ ಬಾಡಿಗೆಗೆ ಬೇಕೆಂದು ಕೇಳಿದ ಗಿರಾಕಿ ಇದೇ ಮೊದಲು. ಯಾಕೆ ಎಂದು ಅವನು ಕೇಳಲಿಲ್ಲ. ಯಾಕೆ ಎಂದು ಕೇಳುವವನು ವ್ಯಾಪಾರಕ್ಕೆ ಕೂರಬಾರದು, ಮಠಕ್ಕೆ ಹೋಗಬೇಕು ಎಂಬುದು ಅವನ ಖಚಿತ ಅಭಿಪ್ರಾಯ.

ಮಾಲು ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ಟೆಂಪೊ ತುಂಬ ಹೊಸ ಸ್ಟೀಲ್ ಪಾತ್ರೆ ತುಂಬಿಕೊಂಡು ಹೊಂಗೆಹುಂಡಿಯ ಕೆಳಗಿನ ಬೀದಿಗೇ ಬಂದು, ಹಳೇದು ಕೊಟ್ಟು ಹೊಸದು ಒಯ್ಯಿರಿ ಎಂದು ಸಾರಿದ. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಮನೆಯ ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ, ಕಿವಿ ಕಿತ್ತ ಬಾಣಲೆ, ತೂತುಬಿದ್ದ ಕಂಬಳಿ, ಹೊಗೆ ಹಿಡಿದ ಬುಡ್ಡಿ ಎಲ್ಲ ಹೊರಬಿದ್ದವು. ಊರಿನ ಬಡತನವನ್ನೆಲ್ಲ ಒಂದೇ ಗುಡಿಸಲಿಗೆ ಜೋಡಿಸಿದ ಮೇಲೆ ಸ್ಪಂದನಾ ಒಳಗೆ ನಿಂತು, "ಅಂಕಲ್, ಈಗ ಉಸಿರಾಡ್ತಿದೆ," ಅಂದಳು. ಸೋಗೆ ಹಸಿ ಇತ್ತು, ಅದರ ವಾಸನೆ ಇರಬೇಕು ಎಂದುಕೊಂಡ ಗುರುಮಲ್ಲಯ್ಯ.

ಚಿತ್ರೀಕರಣ ಶುರುವಾಯಿತು. ಚಾಮರಾಜನಗರದ ಬಿಸಿಲು ಬ್ರಿಟಿಷ್ ಮಾದರಿಗೆ ಒಪ್ಪದ ಕಾರಣ, ಆಕಾಶವನ್ನು ಮಾತ್ರ ಗುಂಡ್ಲುಪೇಟೆಯಾಚೆಯ ಬೆಟ್ಟದ ಮಂಜಿನಲ್ಲಿ ತೆಗೆದುಕೊಂಡು ಬಂದರು. ಕುಡಿಯುವ ನೀರಿನ ಟ್ಯಾಂಕರು ಬೀದಿ ಒದ್ದೆ ಮಾಡಲು ನಿಂತಿದ್ದರಿಂದ ಜನ ಎರಡು ದಿನ ನೀರಿಗೆ ಕಾದರು. ಕಾಯುತ್ತಿದ್ದ ಸಾಲನ್ನೂ ಕ್ಯಾಮೆರಾದಲ್ಲಿ ತೆಗೆದುಕೊಂಡರು. ಗುಡಿಸಲಿನ ಬಡ ಹೆಂಗಸಿನ ಪಾತ್ರ ಶಶಿರೇಖಾಳದು. ಮೈಸೂರಿನ ಹಲ್ಲಿನ ಡಾಕ್ಟರ ಮಗಳಾದ ಈಕೆ, ಪಾತ್ರದೊಳಕ್ಕೆ ಇಳಿಯಲೆಂದು ಮೂರು ದಿನದಿಂದ ಸ್ನಾನವನ್ನೂ ಮಾತನ್ನೂ ಬಿಟ್ಟಿದ್ದಳು.

ಅದೇ ಮೂರನೇ ದಿನ ಸ್ಥಿತಿಗತಿ ಪರಿಶೀಲನಾ ಘಟಕದ ಶಂಕರ್ ಊರಿಗೆ ಬಂದ. ಯಾರ ಬಡತನ ಊರ್ಜಿತ, ಯಾರದ್ದು ರದ್ದು ಎಂದು ನೋಡುವುದು ಅವನ ಕೆಲಸ. ಕೈಯಲ್ಲಿ ಹದಿನಾಲ್ಕು ಕಲಮಿನ ನಮೂನೆ.

ಮೊದಲು ಶಿವಮ್ಮನ ಮನೆ. ಸುಣ್ಣದ ಗೋಡೆ, ಇನ್ನೂ ವಾಪಸು ಹೋಗದ ನಾಲ್ಕು ಕುರ್ಚಿ, ಎರವಲಿನ ರೇಷ್ಮೆ ಸೀರೆ, ಅಂಗಳದಲ್ಲಿ ಸಿನಿಮಾದವರ ಜನರೇಟರು ಮತ್ತು ಎರಡು ಕಾರು. ನಿಮಗೆ ಏನಾದರೂ ಕೊರತೆ ಇದೆಯೇ ಎಂದು ಶಂಕರ್ ಕೇಳಿದ.

"ನಮ್ಗೇನ್ ಕಮ್ಮಿ ಸಾಮಿ? ದೇವ್ರು ಮಡಗ್ದಂಗೆ ಇದ್ದೀವಿ," ಅಂದಳು ಶಿವಮ್ಮ. "ಕಾಫಿ ಕುಡೀರಿ."

ಕುಡಿದು, ಬರೆದುಕೊಂಡು, ಶಂಕರ್ ಹಿತ್ತಲಿಗೆ ಹೋದ. ಗುಡಿಸಲಲ್ಲಿ ಕೂತಿದ್ದವಳ ಹೆಸರು ಕೇಳಿದ. ಶಶಿರೇಖಾ ಎರಡು ನಿಮಿಷ ಕಿಟಕಿಯಾಚೆ ನೋಡಿದಳು. ಅತ್ತ ಕ್ಯಾಮೆರಾ ಓಡುತ್ತಿತ್ತು. ಸ್ಪಂದನಾ ನಿಲ್ಲಿಸಲಿಲ್ಲ, ಹೆಸರು ಮಾತ್ರ ಪಿಸುಮಾತಿನಲ್ಲಿ ಹೇಳಿದಳು. ಶಂಕರ್ ಷರಾ ಕಲಮಿನಲ್ಲಿ ಬರೆದ: "ಮಾತನಾಡಲೂ ತ್ರಾಣವಿಲ್ಲದ ಕಡುಬಡತನ." ಆಮೇಲೆ ಕೆಳಗಿನ ಬೀದಿಗೆ ಹೋಗಿ ಹತ್ತೊಂಬತ್ತು ಮನೆಯ ಹೊಸ ಸ್ಟೀಲ್ ಪಾತ್ರೆಗಳನ್ನು ಎಣಿಸಿಕೊಂಡ.

ಎರಡು ವಾರದೊಳಗೆ ಹುಕುಂ ಬಂತು. "ಹೊಂಗೆಹುಂಡಿ, ಶಿವಮ್ಮನ ಹಿತ್ತಲು, ಇಲ್ಲಿ ವಾಸವಿರುವ ಶಶಿರೇಖಾ ಎಂಬುವರಿಗೆ ಕಾರ್ಡು ಮಂಜೂರು ಮಾಡಿದೆ. ಶಿವಮ್ಮ ಹಾಗೂ ಇತರೆ ಹತ್ತೊಂಬತ್ತು ಕುಟುಂಬಗಳು ಏಕಾಏಕಿ ಅನುಕೂಲಸ್ಥರಾಗಿರುವುದು ಕಂಡುಬಂದಿದ್ದು, ಅವರನ್ನು ಅಭಿನಂದಿಸಿ ಕಾರ್ಡು ರದ್ದುಪಡಿಸಿದೆ."

ಆಪರೇಷನ್ನಿಗೆ ಹದಿನೈದು ದಿನ ಉಳಿದಿತ್ತು. ಶಿವಮ್ಮ ಗುಂಡ್ಲುಪೇಟೆಗೆ ಬಸ್ಸು ಹತ್ತಿ ಅಂಗಡಿಯ ಮುಂದೆ ನಿಂತಳು. ಪಾತ್ರೆ ಕೊಟ್ಟವರು ನೀವೇ, ಬಂದು ಸಾಕ್ಷಿ ಹೇಳಿ ಎಂದಳು. ಗುರುಮಲ್ಲಯ್ಯನಿಗೆ ಸಾಕ್ಷಿ ಹೇಳುವ ಚಪಲವಿರಲಿಲ್ಲ. ಆದರೆ ಕೆಳಗಿನ ಬೀದಿಯ ಹತ್ತೊಂಬತ್ತು ಮನೆಯವರೂ ಅವನ ಟೆಂಪೊ ನಂಬರು ಬಲ್ಲವರು. ಹೊರಟ.

ಚಾಮರಾಜನಗರದ ಕಚೇರಿಯಲ್ಲಿ ಶಂಕರ್ ಇಬ್ಬರಿಗೂ ಕುರ್ಚಿ ಹಾಕಿಸಿ ಸಾವಧಾನದಿಂದ ಕೇಳಿದ. ಅದು ಸಿನಿಮಾ ಗುಡಿಸಲು, ಆ ಹುಡುಗಿ ಡಾಕ್ಟರ ಮಗಳು ಎಂದು ಗುರುಮಲ್ಲಯ್ಯ ವಿವರಿಸಿದ.

"ಇರಬಹುದು," ಅಂದ ಶಂಕರ್. "ಆದರೆ ಹದಿನಾಲ್ಕು ಕಲಮಿಗೂ ಹೊಂದಿಕೊಂಡ ಬಡತನ ನನ್ನ ಸರ್ವಿಸಿನಲ್ಲಿ ಅದೊಂದೇ. ನಿಮ್ಮ ಬಡತನದಲ್ಲಿ ಲೋಪ ಜಾಸ್ತಿ ಕಣಮ್ಮ. ಸೊಂಟ ಮುರಿದಿದೆ ಅಂತೀರಿ, ನಮೂನೆಯಲ್ಲಿ ಸೊಂಟದ ಕಲಮಿಲ್ಲ. ಗೋಡೆಯ ಕಲಮಿದೆ. ಗೋಡೆ ಬೆಳ್ಳಗಿದೆ."

ಮರುಪರಿಶೀಲನೆಗೆ ಅವಕಾಶ ಉಂಟು, ಹದಿನೆಂಟಕ್ಕೆ ಬರುತ್ತೇನೆ, ಅಷ್ಟರೊಳಗೆ ನಿಯಮಾನುಸಾರ ಬಡವರಾಗಿರಿ ಎಂದು ಹೇಳಿ ಕಳಿಸಿದ.

ವಾಪಸು ಬರುವ ಬಸ್ಸು ಬದನಗುಪ್ಪೆ ದಾಟಿತು. ಶಿವಮ್ಮ ಕೇಳಿದಳು: "ಸುಣ್ಣ ಬಳ್ದಿದ್ದೇ ತಪ್ಪಾಯ್ತು, ಅಲ್ವಾ ಸಾವ್ಕಾರ್ರೆ?"

"ಸುಣ್ಣದ್ದಲ್ಲ ಕಣಮ್ಮ ತಪ್ಪು," ಅಂದ ಗುರುಮಲ್ಲಯ್ಯ. "ಮಾಲು ಅಸಲಿನೇ ಇತ್ತು. ಗಿರಾಕಿ ಕಣ್ಣಿಗೆ ಕಾಣಂಗೆ ಜೋಡ್ಸಿರ್ನಿಲ್ಲ, ಅಷ್ಟೆ."

ಹೀಗೆ ಹೇಳುವಾಗಲೇ ಅವನಿಗೆ ಉಪಾಯ ಹೊಳೆದಿತ್ತು. ಗುಡಿಸಲು ಇನ್ನೂ ಬಿಚ್ಚಿರಲಿಲ್ಲ. ಶಶಿರೇಖಾ ಮೈಸೂರಿಗೆ ಹೋಗಿ ಸ್ನಾನ ಮಾಡಿದ್ದಳು. ಉಳಿದ ಭಾಗ ತೆಗೆಯಲು ಊರಲ್ಲೇ ಇದ್ದ ಸ್ಪಂದನಾ, ತಾಲೀಮು ಮಾಡಿಸಲು ಸಂತೋಷದಿಂದ ಒಪ್ಪಿದಳು. ಮಂಚ ಸಮೇತ ಪುಟ್ಟಮಾದಯ್ಯನನ್ನು ಗುಡಿಸಲಿಗೆ ಸಾಗಿಸಿದರು.

ಶಿವಮ್ಮನಿಗೆ ಬಡತನ ಸುಲಭಕ್ಕೆ ಒಗ್ಗಲಿಲ್ಲ. ಗುಡಿಸಲೊಳಗೆ ಕಾಲಿಟ್ಟವಳೇ ಕಸ ಹೊಡೆದಳು, ಬಾಣಲೆ ಉಜ್ಜಿದಳು, ಯಾರು ಬಂದರೂ ಕಾಫಿ ಕುಡೀತೀರಾ ಎಂದು ಕೇಳಿದಳು. ಮೂರು ದಿನದಲ್ಲಿ ಸ್ಪಂದನಾ ಅವಳಿಗೆ ಕೈಕಟ್ಟಿ ಕೂರುವುದನ್ನೂ ಕಿಟಕಿಯಾಚೆ ನೋಡುವುದನ್ನೂ ಕಲಿಸಿದಳು. ತೊಡಕಾದವನು ಪುಟ್ಟಮಾದಯ್ಯ. ಮಗ್ಗುಲು ಬದಲಿಸುವಾಗೆಲ್ಲ ನರಳುತ್ತಿದ್ದ.

"ಅಂಕಲ್, ಸ್ವಲ್ಪ ಜಾಸ್ತಿ ಆಗ್ತಿದೆ," ಅಂದಳು ಸ್ಪಂದನಾ. "ನಾಟಕದ ಥರ ಕೇಳ್ಸುತ್ತೆ. ಒಳಗೇ ನರಳಿ."

"ನೋವು ಬಂದಷ್ಟೇ ನರಳ್ತಿವ್ನಿ ಕಣವ್ವ."

"ಗೊತ್ತು ಅಂಕಲ್. ಆದ್ರೆ ನಂಬೋ ಹಾಗಿಲ್ಲ."

ಪುಟ್ಟಮಾದಯ್ಯ ಹೆಂಡತಿಯ ಮುಖ ನೋಡಿದ. ಶಿವಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಅಂದಿನಿಂದ ಅವನು ಕಂಬಳಿ ಕಚ್ಚಿಕೊಂಡು ಒಳಗೇ ನರಳತೊಡಗಿದ.

ಹದಿನೆಂಟನೇ ತಾರೀಕು ಶಂಕರ್ ಬಂದ. ಏನಾದರೂ ಕೊರತೆ ಇದೆಯೇ ಎಂದು ಕೇಳಿದ. ಶಿವಮ್ಮ ಕಾಫಿ ಕುಡೀರಿ ಎನ್ನಲಿಲ್ಲ, ಕಿಟಕಿಯಾಚೆ ನೋಡಿದಳು. ಹಿಂದಿನ ಸಲ ಕಾಫಿ ಕುಡಿದ ಅದೇ ಸುಣ್ಣದ ಮನೆಯ ಅಂಗಳ ದಾಟಿಯೇ ಬಂದಿದ್ದ ಶಂಕರ್, ಎರಡು ನಿಮಿಷ ಕಾದು ಬರೆದ: "ಈ ಕುಟುಂಬದ ಬಡತನ ಸಹಜವಾಗಿದೆ." ಹತ್ತೊಂಬತ್ತನೇ ತಾರೀಕು ಕಾರ್ಡು ಬಂತು, ಇಪ್ಪತ್ತಕ್ಕೆ ಆಪರೇಷನ್ ಆಯಿತು.

ಏಪ್ರಿಲ್ ಮೊದಲ ವಾರ ಘಟಕವು ಸುತ್ತೋಲೆ ಹೊರಡಿಸಿತು: "ಮನೆಮನೆಗೆ ತೆರಳಿ ಪರಿಶೀಲಿಸುವುದರಿಂದ ಬಡತನದಲ್ಲಿ ಏಕರೂಪತೆ ಇಲ್ಲದಿರುವುದು ಕಂಡುಬಂದಿದೆ. ಆದ್ದರಿಂದ ಇನ್ನು ಮುಂದೆ ಪರಿಶೀಲನೆಯನ್ನು ಹೊಂಗೆಹುಂಡಿಯ ಮಾನ್ಯತೆ ಪಡೆದ ಗುಡಿಸಲಿನಲ್ಲಿ ಮಾತ್ರ ನಡೆಸತಕ್ಕದ್ದು. ಅರ್ಜಿದಾರರು ಕುಟುಂಬಸಮೇತ ಹಾಜರಿದ್ದು, ನಗತಕ್ಕದ್ದಲ್ಲ." ಯಾರೂ ತಕರಾರು ಮಾಡಲಿಲ್ಲ. ಒಂದೇ ಜಾಗದಲ್ಲಿ ಕೆಲಸ ಮುಗಿಯುವುದು ಒಳ್ಳೆಯದೇ ಎಂದರು. ಗುಡಿಸಲಿನ ಸಾಮಾನು ಗುರುಮಲ್ಲಯ್ಯನದಾದ್ದರಿಂದ ತಾರೀಕು ಬರೆದುಕೊಳ್ಳುವುದೂ ಅವನ ಅಂಗಡಿಯಲ್ಲೇ ಎಂದಾಯಿತು. ಹಿತ್ತಲಿನ ಬಾಡಿಗೆ ಬರುವುದರಿಂದ ಶಿವಮ್ಮನೂ ಕೂಲಿ ಬಿಟ್ಟು, ಬಂದವರಿಗೆ ಎಲ್ಲಿ ಕೂರಬೇಕು, ಯಾವ ಕಡೆ ನೋಡಬೇಕು ಎಂದು ಹೇಳಿಕೊಡುತ್ತಿದ್ದಾಳೆ. ಸ್ವಲ್ಪ ಗದರಿಸುತ್ತಾಳೆ ಎಂಬ ದೂರು ಬಿಟ್ಟರೆ ಮಿಕ್ಕಂತೆ ಸುಸೂತ್ರ.

ಮೊನ್ನೆ ಮಲ್ಲಿಗಮ್ಮ ಎಂಬ ಮುದುಕಿ ಗುಂಡ್ಲುಪೇಟೆಯ ಅಂಗಡಿಗೆ ಬಂದು, ಮನೆಯಲ್ಲಿ ಎರಡು ದಿನದಿಂದ ಅಕ್ಕಿ ಇಲ್ಲ, ಹತ್ತಿರದ ತಾರೀಕು ಯಾವುದಿದ್ದರೂ ಆದೀತು ಎಂದು ಕೇಳಿಕೊಂಡಳು. ಗುರುಮಲ್ಲಯ್ಯ ಮದುವೆಗಳ ನಡುವೆ ಬೆರಳಾಡಿಸಿ ಕ್ಯಾಲೆಂಡರು ನೋಡಿದ.

"ಬರೋ ಅಮಾಸೆಗಂಟ ಬಡತನ ಖಾಲಿ ಇಲ್ಲ ಕಣಮ್ಮ," ಅಂದ. "ಅಲ್ಲೀಗಂಟ ಎಂಗೋ ಸುಧಾರಿಸ್ಕೋ."

ಮುದುಕಿ ನ್ಯಾಯವೇ ಎಂದು ತಲೆಯಾಡಿಸಿ, ಅಮಾವಾಸ್ಯೆಯ ಮಾರನೇ ದಿನಕ್ಕೆ ಹೆಸರು ಬರೆಸಿ ಹೋದಳು.