ಚಂದ್ರನಿಗೆ ಅಡ್ಡ ಬಂದ ಕಪಾಟು

ಕುದ್ರೋಳಿಯ ನಮ್ಮ ಮನೆಯ ಟೆರೇಸಿನಲ್ಲಿ ಒಂದು ವೀಕ್ಷಣಾಲಯವಿದೆ. ಹೆಂಡತಿ ಝುಬೈದಾ ಅದನ್ನು ಶೆಡ್ ಎನ್ನುತ್ತಾಳೆ. ಕೆಂಪುಕಲ್ಲಿನ ಗೋಡೆ, ನಡುವೆ ಕಂಬದ ಮೇಲೆ ಕೂರಿಸಿದ ದೂರದರ್ಶಕ, ಮೇಲೆ ಚಕ್ರದ ಮೇಲೆ ಸರಿಯುವ ತಗಡಿನ ಮಾಡು. ಮಾಡನ್ನು ಪಕ್ಕಕ್ಕೆ ತಳ್ಳಿದರೆ ಆಕಾಶವೆಲ್ಲ ನಮ್ಮದೇ. ಕೊರತೆ ಇದ್ದದ್ದು ಪೀಠೋಪಕರಣಗಳದ್ದು ಮಾತ್ರ.

ಈ ಸಲ ರಂಜಾನ್ ಮುಗಿಯುವಾಗ ಹಬ್ಬದ ಚಂದ್ರನನ್ನು ತೋರಿಸುತ್ತೇನೆಂದು ಮಾವನಿಗೆ, ಅಂದರೆ ಝುಬೈದಾಳ ತಂದೆಗೆ, ಮಾತು ಕೊಟ್ಟಿದ್ದೆ. ಕಣ್ಣು ಮಂಜಾದ ಮೇಲೆ ಅವರು ಆ ಎಳೆ ಚಂದ್ರನನ್ನು ಕಂಡಿರಲಿಲ್ಲ. ಅದೊಂದು ಕೊರಗು ಅವರಿಗಿತ್ತು. ಹಬ್ಬ ಯಾವಾಗ ಎಂದು ಹೇಳುವುದು ಖಾಝಿಯವರ ಕೆಲಸ, ಮಾವನಿಗೆ ತೋರಿಸುವುದು ನನ್ನ ಕೆಲಸ. ಅಂಥ ಅತಿಥಿ ಬರುವಾಗ ಲೆನ್ಸುಗಳು ಬಕೆಟ್ಟಿನಲ್ಲಿರುವುದು ಶೋಭೆಯಲ್ಲ. ಆದ್ದರಿಂದ ಒಂದು ಸ್ಟೂಲು, ಒಂದು ಕಪಾಟು ಸ್ವಹಸ್ತದಿಂದಲೇ ಆಗಬೇಕೆಂದು ತೀರ್ಮಾನಿಸಿದೆ.

"ಬಡಗಿಯನ್ನು ಕರೆಯಬಹುದಲ್ವಾ?" ಎಂದಳು ಝುಬೈದಾ.

"ನಾಲ್ಕು ಹಲಗೆ ಸೇರಿಸುವುದಕ್ಕೆ ಬಡಗಿ ಎಂತಕ್ಕೆ?"

ಸ್ಟೂಲು ಮೂರು ಕಾಲಿನ ಮೇಲೆ ನಿಂತಿತು. ನಾನು ಹಾಕಿದ್ದು ನಾಲ್ಕು. ಉದ್ದದ ಕಾಲನ್ನು ಕತ್ತರಿಸಿದೆ, ಇನ್ನೊಂದು ಉದ್ದವಾಯಿತು. ಅದನ್ನೂ ಕತ್ತರಿಸಿದೆ. ಹೀಗೆ ಎಲ್ಲ ಕಾಲುಗಳಿಗೂ ನ್ಯಾಯ ಒದಗಿಸುವಷ್ಟರಲ್ಲಿ ಸ್ಟೂಲು ಮಣೆಯಾಗಿತ್ತು!

ಕಪಾಟು ಎತ್ತರಕ್ಕೆ ಬಂತು. ಆದರೆ ಮುಟ್ಟಿದರೆ ತೂಗುತ್ತಿತ್ತು.

"ಗೋಡೆಗೆ ಸ್ಕ್ರೂ ಹಾಕಿ ಮಾರಾಯ್ರೆ. ನನ್ನ ಬಾಪನ ಮೇಲೆ ಬಿದ್ರೆ ಎಂತ ಮಾಡುವುದು?"

ಕೆಂಪುಕಲ್ಲಿನಲ್ಲಿ ಸ್ಕ್ರೂ ನಿಲ್ಲಲಿಲ್ಲ. ಪುಡಿ ಉದುರಿತು, ಹಿಂದೆಯೇ ಸ್ಕ್ರೂ ಕೂಡ. ತಲೆ ಎತ್ತಿ ನೋಡಿದೆ. ಕಪಾಟಿನ ನೆತ್ತಿಗೆ ತಾಗುವಂತೆಯೇ ಒಂದು ಗಟ್ಟಿ ಕಬ್ಬಿಣದ ಪಟ್ಟಿ! ಅದಕ್ಕೇ ಸೇರಿಸಿ ಬೋಲ್ಟ್ ಬಿಗಿದೆ. ಕಪಾಟು ಅಲುಗಲಿಲ್ಲ. ಆ ಪಟ್ಟಿ ಮಾಡಿನದ್ದು ಎಂಬ ಸಣ್ಣ ವಿಷಯ ನನಗೆ ಹೊಳೆಯಲೂ ಇಲ್ಲ.

ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ, ಖರ್ಜೂರ ಬಾಯಿಗಿಟ್ಟ ಕೂಡಲೇ ಮಾವನ ಕೈಹಿಡಿದು ಮೇಲೆ ಕರೆತಂದು ಮಣೆಯ ಮೇಲೆ ಕೂರಿಸಿದೆ. ಬೆಳಕು ಬಾರದಂತೆ ಬಾಗಿಲು ಮುಚ್ಚಿದೆ. ಎಳೆ ಚಂದ್ರ ಹೆಚ್ಚು ಹೊತ್ತು ಕಾಯುವವನಲ್ಲ. ಮಾಡನ್ನು ತಳ್ಳಿದೆ. ಸರಿಯಲಿಲ್ಲ. ಭುಜ ಕೊಟ್ಟು ತಳ್ಳಿದೆ. ಮಾಡು ಒಂದು ಮೊಳ ಸರಿದು ಸಿಕ್ಕಿಕೊಂಡಿತು. ಕಪಾಟು ಅದರ ಜೊತೆಯಲ್ಲೇ ನಡೆದು ಬಂದು ಬಾಗಿಲಿಗೆ ಅಡ್ಡ ನಿಂತಿತು!

"ಎಂತ ಶಬ್ದ ಮೋನೇ?" ನನ್ನನ್ನು ಮಗನೆಂದೇ ಕರೆಯುವ ಮಾವ ಕೇಳಿದರು.

"ಎಂತ ಇಲ್ಲ ಮಾಮ, ಸ್ವಲ್ಪ ತಾಂತ್ರಿಕ ತೊಂದರೆ ಉಂಟು."

ಸ್ಪ್ಯಾನರ್ ಕಪಾಟಿನೊಳಗಿತ್ತು. ಕಪಾಟಿನ ಬಾಗಿಲು ದೂರದರ್ಶಕದ ಕಂಬಕ್ಕೆ ಒತ್ತಿಕೊಂಡಿತ್ತು. ಅಷ್ಟರಲ್ಲಿ ಹೊರಗಿನಿಂದ ಝುಬೈದಾಳ ದನಿ ಬಂತು.

"ಚಂದ್ರ ಕಾಣ್ತದೆ, ನೀರಿನ ಟ್ಯಾಂಕಿನ ಬಲಬದಿಗೆ. ಎಷ್ಟು ಚಂದ ಉಂಟು. ನೀವು ಒಳಗೆ ಎಂತ ಮಾಡ್ತಾ ಇದ್ದೀರಿ?"

ಪಕ್ಕದ ಮನೆಯವರು ಬಂದು ಬಾಗಿಲು ಕಳಚುವಷ್ಟರಲ್ಲಿ ಚಂದ್ರ ಸಮುದ್ರಕ್ಕೆ ಇಳಿದಾಗಿತ್ತು. ನನಗೆ ನಿಜಕ್ಕೂ ಅಳು ಬಂತು. ಮಾವ ನನ್ನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಬೇಡ ಮೋನೇ. ನನಗಾದರೂ ಕಣ್ಣು ಮಂಜು. ನಿನಗೆ ಎಂತ ಆಗಿತ್ತು?"

ಊರಿಗೆಲ್ಲ ಬರಿಗಣ್ಣಿಗೆ ಕಂಡ ಚಂದ್ರನನ್ನು ಕಾಣದೆ ಹಬ್ಬ ಮಾಡಿದ ಕುದ್ರೋಳಿಯ ಏಕೈಕ ಖಗೋಳತಜ್ಞ ನಾನು.