ಬಸುರಿ ನೋಡತಕ್ಕ ಪಿಕ್ಚರು

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಮುನ್ಷಿಯಾಗಿದ್ದ ಸೂಗಪ್ಪನ ಹೆಂಡತಿಗೆ ಐದು ತಿಂಗಳು ತುಂಬಿದಾಗ ಬಯಕೆ ಹುಟ್ಟಿತು. ಇದರಲ್ಲಿ ವಿಶೇಷವೇನೂ ಇಲ್ಲ. ಊರಿನ ಬಸುರಿಯರಿಗೆಲ್ಲ ಬಯಕೆ ಹುಟ್ಟುತ್ತದೆ. ಒಬ್ಬಳಿಗೆ ಹುಣಸೆಕಾಯಿ ಬೇಕು, ಇನ್ನೊಬ್ಬಳಿಗೆ ಒಲೆಯ ಮಣ್ಣು ಬೇಕು. ಸೂಗಪ್ಪ ಎರಡಕ್ಕೂ ಸಿದ್ಧನಾಗಿದ್ದ. ಹುಣಸೆಕಾಯಿ ಹಿತ್ತಲಲ್ಲೇ ಇತ್ತು, ಮಣ್ಣಿಗೆ ಶಹಾಬಾದದಲ್ಲಿ ಬರವಿರಲಿಲ್ಲ (ಮಣ್ಣಿಗಿಂತ ಕಲ್ಲೇ ಹೆಚ್ಚು ಎಂಬುದು ಬೇರೆ ಮಾತು). ಆದರೆ ನೀಲಾಬಾಯಿ ಕೇಳಿದ್ದು ಟಾಕಿ ಪಿಕ್ಚರು.

“ಪಿಕ್ಚರ್ ತಿನ್ನೂದಲ್ಲ ನೀಲಾ,” ಎಂದ ಸೂಗಪ್ಪ.

“ನಾ ಏನ್ ತಿನ್ತೀನಂದೆನೇನು? ನೋಡ್ತೀನಂದೆ. ಬಾಜೂಮನಿ ತಾಜುನ್ನಿಸಾ ಅಕ್ಕ ವಾರಕ್ಕೊಂದು ನೋಡ್ತಾಳ.”

ತಾಜುನ್ನಿಸಾ ನೋಡದೆ ಏನು ಮಾಡುತ್ತಾಳೆ? ಅವಳ ಗಂಡ ಮಜೀದಸಾಬನೇ ಟಾಕೀಸಿನ ಮಾಲೀಕ. ರೈಲ್ವೆ ಸ್ಟೇಶನ್ನಿನ ಹಿಂದೆ ಫರಸಿ ಕಲ್ಲು ಪೇರಿಸಿಡುವ ಹಳೇ ಗೋದಾಮೊಂದಿತ್ತು. ಅದರ ಕಿಟಕಿಗಳಿಗೆಲ್ಲ ಗೋಣಿತಾಟು ಹೊಡೆದು, ನಡುವೆ ಉದ್ದಕ್ಕೂ ಒಂದು ಪರದೆ ಇಳಿಬಿಟ್ಟು, ಈಚೆ ಗಂಡಸರು ಆಚೆ ಹೆಂಗಸರು ಎಂದು ಸಾರಿ, ಮಜೀದಸಾಬ ಅದನ್ನು ಟಾಕೀಸು ಮಾಡಿಬಿಟ್ಟಿದ್ದ. ಶುಕ್ರವಾರ ಖಣಿಗೆ ರಜೆ. ಅಂದು ಮಧ್ಯಾಹ್ನ ಹೊಸ ಪಿಕ್ಚರು ಏರುತ್ತಿತ್ತು.

ಸೂಗಪ್ಪ ತಾಯಿ ಚಂದಮ್ಮನ ಮೊರೆಹೊಕ್ಕ. ಆಕೆ ಸೊಸೆಯನ್ನು ಗದರಿಸಿ ಕೂರಿಸುತ್ತಾಳೆಂದು ಅವನ ಲೆಕ್ಕ. ಚಂದಮ್ಮ ಮೊಣಕಾಲು ನೀವಿಕೊಳ್ಳುತ್ತ ತೀರ್ಪು ಕೊಟ್ಟಳು.

“ಕರಕೊಂಡು ಹೋಗಪಾ. ಬಸುರಿ ಬಯಕಿ ತೀರಸ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತದ.”

“ಹಂಗಾರ ಹೋಗ್ತೀವಿ ಅವ್ವಾ.”

“ಆದ್ರ ನೋಡಿ ಕರಕೊಂಡು ಹೋಗು. ಬಸುರಿ ಏನ್ ನೋಡ್ತಾಳ, ಕೂಸು ಹಂಗೇ ಹುಟ್ತದ. ನಿನ್ನ ಹೊಟ್ಟ್ಯಾಗ ಇಟಗೊಂಡಾಗ ನಮ್ಮ ಅಂಗಳದಾಗ ಒಂದು ಎಮ್ಮಿ ಕಟ್ಟಿದ್ರು.”

ತಾಯಿ ಅಲ್ಲಿಗೇ ನಿಲ್ಲಿಸಿದಳು. ನೀಲಾಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಏನೋ ಅರ್ಥವಾದವಳಂತೆ ತಲೆಯಾಡಿಸಿದಳು.

ಹೀಗೆ ತೋರಿಸದಿದ್ದರೆ ಕಿವಿಗೆ ಕುತ್ತು, ತೋರಿಸಿದರೆ ಇಡೀ ಕೂಸಿಗೇ ಕುತ್ತು ಎಂಬ ಇಕ್ಕಟ್ಟಿನಲ್ಲಿ ಸಿಕ್ಕ ಸೂಗಪ್ಪನಿಗೆ ಒಂದು ಉಜ್ವಲ ಉಪಾಯ ಹೊಳೆಯಿತು. ಪ್ರತಿಯೊಂದು ಪಿಕ್ಚರನ್ನೂ ಮೊದಲು ತಾನೊಬ್ಬನೇ ನೋಡುವುದು. ಗರ್ಭಸ್ಥ ಶಿಶುವಿಗೆ ಹಿತವೋ ಅಹಿತವೋ ಎಂದು ಪರೀಕ್ಷಿಸುವುದು. ಪಾಸಾದರೆ ಮರುದಿನ ಹೆಂಡತಿಯನ್ನು ಕರೆದೊಯ್ಯುವುದು. ಹುಟ್ಟಲಿರುವ ಮಗುವಿಗಾಗಿ ಇಂಥ ಹೊಣೆಯನ್ನು ಹೊತ್ತ ತಂದೆ ನಿಜಾಮರ ಇಡೀ ರಾಜ್ಯದಲ್ಲಿ ಇನ್ನೊಬ್ಬನಿರಲಾರ ಎಂದು ಅವನಿಗೇ ಅನ್ನಿಸಿ ಎದೆ ತುಂಬಿ ಬಂತು.

ಮೊದಲನೆಯ ಶುಕ್ರವಾರದ್ದು ಒಬ್ಬ ಸಾಧುವಿನ ಕಥೆ. ಸೂಗಪ್ಪ ಮನೆಗೆ ಬಂದಾಗ ಕಣ್ಣು ಬದನೆಕಾಯಿಯಂತೆ ಊದಿದ್ದವು.

“ಬ್ಯಾಡ ನೀಲಾ. ಅಂವ ಮನಿ ಮಠ ಬಿಟ್ಟು ಜೋಳಗಿ ಹಾಕ್ಕೊಂಡು ಹೋಗಿಬಿಟ್ಟ. ನಮ್ಮ ಮಗನೂ ಹಂಗೇ ಎದ್ದು ಹೋದ್ರ?”

ಎರಡನೆಯ ವಾರ ರಾಕ್ಷಸರ ಪಿಕ್ಚರು. ಅದರಲ್ಲಿ ರಾಕ್ಷಸ ಎಂಥ ಗಹಗಹಿಸಿ ನಕ್ಕನೆಂದರೆ ಸೂಗಪ್ಪನ ಪಕ್ಕ ಕೂತವನ ಬೀಡಿ ಆರಿಹೋಯಿತು. ನಪಾಸು. ಮೂರನೆಯದರಲ್ಲಿ ಒಬ್ಬ ನವಾಬ ಪ್ರೀತಿಯಿಂದ ಕೆಮ್ಮಿ ಕೆಮ್ಮಿ ಸತ್ತ. ನಪಾಸು. ನಾಲ್ಕನೆಯದು ಕುಸ್ತಿ. ಅದು ಹೆಚ್ಚುಕಡಿಮೆ ಪಾಸಾಗಿತ್ತು, ಆದರೆ ಪೈಲವಾನ ಒಂದೇ ಊಟಕ್ಕೆ ನಲವತ್ತು ರೊಟ್ಟಿ ತಿಂದ. ಮನೆಯಲ್ಲಿ ಅಂಥದೊಂದು ಹುಟ್ಟಿದರೆ ರೊಟ್ಟಿ ತಟ್ಟುವವರು ಯಾರು? ಅದೂ ನಪಾಸು. ಐದನೆಯದು ಯಾಕೆ ನಪಾಸಾಯಿತೆಂದು ಸೂಗಪ್ಪನಿಗೇ ನೆನಪಿಲ್ಲ. ಅದು ಅವನಿಗೆ ಎಷ್ಟು ಹಿಡಿಸಿತೆಂದರೆ ಶನಿವಾರವೂ ರವಿವಾರವೂ ಹೋಗಿ “ಮರುಪರೀಕ್ಷೆ” ಮಾಡಿ ಬಂದ.

ರವಿವಾರ ಸಂಜೆ ಹಾಡು ಗುನುಗುತ್ತ ಬಾಗಿಲಿಗೆ ಬಂದರೆ ನೀಲಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಟ್ರಂಕು ತುಂಬುತ್ತಿದ್ದಳು.

“ಇದೇನು?”

“ಸೇಡಂಕ ಹೊಂಟೀನಿ. ನಮ್ಮವ್ವನ ಮನಿಗಿ.”

“ಕುಬ್ಸ ಸೀಮಂತ ಏನೂ ಆಗಿಲ್ಲ, ಈಗೇ?”

“ಒಂದ್ ಮಾತು ಹೇಳ್ರಿ. ಬಸುರಿ ನಾನೋ ನೀವೋ?”

“ಹಂಗಲ್ಲ ನೀಲಾ...”

“ನೀವೇ ಇದ್ದಂಗ ಕಾಣ್ತದ. ಪಿಕ್ಚರೂ ನಿಮಗೇ, ಅಳೂದೂ ನಿಮಗೇ. ಮುಂದಿನ ತಿಂಗಳು ಕುಬ್ಸಾನೂ ನಿಮಗೇ ಮಾಡಸ್ತೀನಿ ತಗೋರಿ. ಹಸಿರು ಬಳಿ ತರಸ್ಲೇನು?”

ಒಳಗಿನಿಂದ ಚಂದಮ್ಮ, “ಅಂವನ ಕೈ ದಪ್ಪ ಅವ, ದೊಡ್ಡ ಅಳತಿವು ತರಸು,” ಎಂದಳು. ಹೆತ್ತ ತಾಯಿಯೇ ವೈರಿಪಕ್ಷಕ್ಕೆ ಸೇರಿದ ಮೇಲೆ ಸೂಗಪ್ಪ ಯಾರನ್ನು ನಂಬಿ ಕಾಳಗ ಮಾಡಬೇಕು? ಬರುವ ಶುಕ್ರವಾರ, ಯಾವ ಪಿಕ್ಚರೇ ಇರಲಿ, ಪರೀಕ್ಷೆಯಿಲ್ಲದೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟ. ಟ್ರಂಕು ಒಳಗೆ ಹೋಯಿತು.

ಆದರೂ ಜೀವ ತಡೆಯದೆ ಮಜೀದಸಾಬನನ್ನು ಕಂಡು ವಿಚಾರಿಸಿದ.

“ಏಕದಮ್ ಧರಮ್ ಪಿಕ್ಚರ್, ಮುನ್ಷಿಜಿ,” ಎಂದು ಮಜೀದಸಾಬ ಎದೆ ಮೇಲೆ ಕೈಯಿಟ್ಟ. “ಒಬ್ಬ ಭಗತ ಇರ್ತಾನ, ಗಿಡದ ಬುಡಕ ಕುಂತು ಹಾಡ್ತಾನ. ಮುಗೀತು. ಹಾಡೂದು ಬಿಟ್ರ ಅದರಾಗ ಒಂದು ಇರಿವೀನೂ ಸಾಯಂಗಿಲ್ಲ.”

ಶುಕ್ರವಾರ ನೀಲಾಬಾಯಿ ಇಳಕಲ್ಲ ಸೀರೆಯುಟ್ಟು, ತಾಜುನ್ನಿಸಾಳ ಕೈಹಿಡಿದು ಹೆಂಗಸರ ಬಾಗಿಲಿಂದ ಒಳಹೊಕ್ಕಳು. “ಪರದೆ ಬಾಜೂಕೇ ಕುಂದ್ರು, ಮೂರನೇ ಕಂಬದ ಹಂತ್ಯಾಕ,” ಎಂದು ಸೂಗಪ್ಪ ಮೊದಲೇ ಹೇಳಿಟ್ಟಿದ್ದ. ಪಿಕ್ಚರಿನವರೆಲ್ಲ ಹಿಂದೂಸ್ತಾನಿ ಮಾತಾಡುತ್ತಾರೆ, ಸೇಡಂದ ಹುಡುಗಿಗೆ ಕನ್ನಡದ ಜೊತೆ ನಾಲ್ಕು ತೆಲುಗು ಮಾತು ಬಿಟ್ಟರೆ ಏನು ಗೊತ್ತು? ದಫ್ತರಿನಲ್ಲಿ ದಿನವೆಲ್ಲ ಉರ್ದು ಗೀಚುವ ತಾನೇ ಪರದೆಯ ಈಚೆಯಿಂದ ಅರ್ಥ ಹೇಳಬೇಕು. ಅವನೂ ಗಂಡಸರ ಕಡೆ ಅದೇ ಕಂಬಕ್ಕೆ ಒರಗಿ, ಶೇರವಾನಿಯ ಗುಂಡಿ ಬಿಚ್ಚಿ ಕೂತ.

ದೀಪ ಆರಿತು. ಸೂಗಪ್ಪ ಭಕ್ತಿಯಿಂದ ಕೈಮುಗಿದ. ಬೆಳ್ಳನೆಯ ಪರದೆಯ ಮೇಲೆ ಧೂಳೆಬ್ಬಿಸುತ್ತ ಒಂದು ಒಂಟೆ ಓಡಿಬಂತು. ಒಂಟೆಯ ಮೇಲೆ ಒಬ್ಬ ಹೆಂಗಸು. ಹೆಂಗಸಿನ ಕೈಯಲ್ಲಿ ಕತ್ತಿ.

ನಡೆದದ್ದಿಷ್ಟು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ರೀಲಿನ ಡಬ್ಬಿ ಅದಲುಬದಲಾಗಿ, ಶಹಾಬಾದಕ್ಕೆ ಬರಬೇಕಿದ್ದ ಭಗತ ರಾಯಚೂರಿನ ಗಾಡಿ ಹತ್ತಿದ್ದ; ರಾಯಚೂರಿಗೆ ಹೋಗಬೇಕಿದ್ದ ಈ ಮಹಾತಾಯಿ ಶಹಾಬಾದಕ್ಕೆ ದಯಮಾಡಿಸಿದ್ದಳು.

ಸೂಗಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ. ಎದ್ದು ಹೆಂಡತಿಯನ್ನು ಹೊರಗೆ ಕರೆಯೋಣವೆಂದರೆ ಹೆಂಗಸರ ಕಡೆ ಹೋಗುವಂತಿಲ್ಲ. ಕಣ್ಣಿಗೆ ಬೀಳುವುದನ್ನಂತೂ ತಡೆಯಲಾಗದು, ಕಿವಿಗೆ ಬೀಳುವುದನ್ನಾದರೂ ತಿದ್ದಬಹುದಲ್ಲ! ಅವನು ನಡುವಿನ ಪರದೆಗೆ ಬಾಯಿ ಹಚ್ಚಿದ.

“ಕೇಳಸ್ತದೇನು? ಆಕಿ ಭಾಳ ದೊಡ್ಡ ಶರಣಿ. ತೀರ್ಥಯಾತ್ರಾಕ ಹೊಂಟಾಳ.”

ಆಚೆಯಿಂದ “ಹೂಂ” ಎಂದು ಮೆಲ್ಲನೆ ದನಿ ಬಂತು. ಸೂಗಪ್ಪನಿಗೆ ಧೈರ್ಯ ಬಂತು. ಅಷ್ಟರಲ್ಲಿ ಶರಣಿ ಒಂಟೆಯಿಂದ ಜಿಗಿದು ಒಬ್ಬ ಮೀಸೆಯವನ ಕೆನ್ನೆಗೆ ಬಾರಿಸಿದಳು.

“ಅಂವಗ ಜ್ವರ ಬಂದಾವ. ಗಲ್ಲ ಮುಟ್ಟಿ ನೋಡಾಕತ್ತಾಳ.”

ಆಕೆ ಇನ್ನೊಂದು ಕೆನ್ನೆಗೂ ಬಾರಿಸಿದಳು.

“ಆ ಕಡಿಗೂ ಜ್ವರ ಬಂದಾವ.”

ಹತ್ತು ಜನ ಕತ್ತಿ ಹಿರಿದು ಸುತ್ತುವರಿದರು. “ಕಬ್ಬು ಕಡ್ಯಾಕ ಬಂದಾರ,” ಎಂದ ಸೂಗಪ್ಪ. ಹತ್ತೂ ಜನ ನೆಲಕ್ಕುರುಳಿದರು. “ದಣದಾರ, ಮಲಕ್ಕೊಂಡ್ರು.” ಮೀಸೆಯವನನ್ನು ಆಕೆ ಕಾಲು ಹಿಡಿದೆತ್ತಿ ಬಾವಿಗೆ ಎಸೆದಾಗ ಮಾತ್ರ ಸೂಗಪ್ಪ ಅರೆಕ್ಷಣ ತಡವರಿಸಿದ. ನಂತರ ಅವನ ಪ್ರತಿಭೆ ಕೈಬಿಡಲಿಲ್ಲ. “ಅಂವಗ ಸ್ನಾನಕ್ಕ ಭಾಳ ಮೈಗಳ್ಳತನ. ಪಾಪ, ತಾನೇ ಇಳಿಸಿದ್ಲು.”

ಪರದೆಯಾಚೆ ಮೂಗು ಸೊರಸೊರ ಎಳೆಯುವ ಸದ್ದು, ಬಾಯಿಗೆ ಸೆರಗು ತುರುಕಿಕೊಂಡಂಥ ಸದ್ದು. ಹೆಂಡತಿ ಭಕ್ತಿಯಿಂದ ಬಿಕ್ಕುತ್ತಿದ್ದಾಳೆಂದು ಸೂಗಪ್ಪನ ಕಣ್ಣೂ ಒದ್ದೆಯಾದವು. ಇನ್ನಷ್ಟು ಹುರುಪಿನಿಂದ ದನಿ ಏರಿಸಿದ.

ಆಗ ಗಡುಸಾದ ಒಂದು ದನಿ ಆಚೆಯಿಂದ ಕೇಳಿತು. “ಅಣ್ಣಾರ, ಆ ಸ್ನಾನದಂವ ಮ್ಯಾಲ ಬರ್ತಾನೋ ಇಲ್ಲೋ? ಬಿರಿ ಬಿರಿ ಹೇಳ್ರಿ.”

ನೀಲಾಬಾಯಿಯ ದನಿ ಅಲ್ಲ! ಅದೇ ಹೊತ್ತಿಗೆ ರೀಲು ಮುಗಿದು ದೀಪ ಹತ್ತಿತು. ಸೂಗಪ್ಪ ಪರದೆಯ ಅಂಚನ್ನು ಒಂದು ಬೆರಳಷ್ಟು ಸರಿಸಿದ. ಮೂರನೆಯ ಕಂಬದ ಬುಡದಲ್ಲಿ ಅವನದೇ ಖಣಿಯಲ್ಲಿ ಕಲ್ಲು ಹೊರುವ ಸಾಬಮ್ಮ, ಅವಳ ಹಿಂದೆ ಭೀಮಮ್ಮ, ಅವರ ಹಿಂದೆ ಇಪ್ಪತ್ತು ಮೂವತ್ತು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕಿವಿಗೊಟ್ಟು ಕೂತಿದ್ದರು. ಅವರ ಹೆಗಲುಗಳಾಚೆ, ಎಲ್ಲಕ್ಕಿಂತ ಮುಂದೆ, ಬಿಳಿ ಪರದೆಯ ಮೂಗಿನಡಿಯಲ್ಲೇ ನೀಲಾಬಾಯಿ ಕಾಲು ಚಾಚಿ ಕೂತು, ತಾಜುನ್ನಿಸಾಳ ಹೆಗಲಿಗೆ ಹೊಡೆಯುತ್ತ, ಒಂದೇ ಕೈಯಲ್ಲಿ ಎಂಥ ಏಟು ಕೊಟ್ಟಳೆಂದು ಅವಳದೇ ದಖನಿ ಉರ್ದುವಿನಲ್ಲಿ ಹೊಗಳುತ್ತಿದ್ದಳು. “ಕ್ಯಾ ಮಾರೀ ಗೇ ಅಕ್ಕಾ! ಏಕೀಚ್ ಹಾತ್ ಮೇಂ!”

ಎರಡು ವರ್ಷ ಒಂದೇ ಬಾವಿಯಲ್ಲಿ ತಾಜುನ್ನಿಸಾಳೊಂದಿಗೆ ನೀರು ಸೇದಿದವಳಿಗೆ ಬಿಂದಿಗೆ ಮಾತ್ರ ತುಂಬಿತ್ತೆಂದು ಸೂಗಪ್ಪ ತಿಳಿದಿದ್ದ.

“ನಾ ಇನ್ನ ಹೇಳಂಗಿಲ್ಲ,” ಎಂದು ಅವನು ಪರದೆ ಬಿಟ್ಟ.

“ಹೆಂಗ ಹೇಳಂಗಿಲ್ಲ?” ಎಂದಳು ಸಾಬಮ್ಮ. “ನಮಗೂ ಅಷ್ಟಿಷ್ಟು ತಿಳೀತದ್ರಿ, ಖರೇ ಹೇಳಬೇಕಂದ್ರ ಪಿಕ್ಚರಿಗಿಂತ ನಿಮ್ಮ ಸುಳ್ಳೇ ಚೊಲೋ ಅದ. ಇಲ್ಲಿ ಇಬ್ಬರು ಬಸುರೇರ ಕುಂತಾರ ನೋಡ್ರಿ. ಅರ್ಧಕ್ಕ ಬಿಟ್ರ ಅವರ ಕೂಸಿನ ಕಿವಿ ಸೋರಿದ್ದು ನಿಮ್ಮ ಹೆಸರಿಗೇ.”

ಎರಡು ಅಪರಿಚಿತ ಕೂಸುಗಳ ನಾಲ್ಕು ಕಿವಿಗಳ ಭಾರ ಹೊತ್ತು ಸೂಗಪ್ಪ ಕೊನೆಯವರೆಗೂ ಹೇಳಿದ. ಆಕೆ ಖಳನಾಯಕನನ್ನು ಒದ್ದಾಗ ‘ಉಪದೇಶ ಮಾಡಾಕತ್ತಾಳ’ ಎಂದ. ಕಾಲಿನಿಂದ ಯಾಕೆಂದು ಭೀಮಮ್ಮ ಕೇಳಿದ್ದಕ್ಕೆ ‘ಬಾಯಿಲೆ ಹೇಳಿದ್ದು ತಲಿಗಿ ಹತ್ತಲಿಲ್ಲ’ ಎಂದ. ಗೋದಾಮಿನ ಮಾಡು ಹಾರುವಂತೆ ಹೆಂಗಸರು ನಕ್ಕರು.

ಹೊರಬಂದಾಗ ಮಜೀದಸಾಬ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. “ಮುನ್ಷಿಜಿ, ಬರೂ ಶುಕ್ರವಾರ ಕಂಬದ ಜಾಗ ನಿಮಗೇ ಮೀಸಲು. ಹೆಂಗಸರೆಲ್ಲ ನಿಮ್ಮನ್ನೇ ಕೇಳಾಕತ್ತಾರ.”

ಗಂಡಸಿಗೆ ಇಂಥ ಮಾತು ಯಾವ ವಯಸ್ಸಿನಲ್ಲಿ ಕಹಿಯಾದೀತು? ಆ ವಾರವಿಡೀ ಸೂಗಪ್ಪನ ನಡಿಗೆಯೇ ಬದಲಾಯಿತು. ಖಣಿಯಲ್ಲಿ ಹಾಜರಿ ಕರೆಯುವಾಗಲೂ ಒಂದೊಂದು ಹೆಸರನ್ನು ರಾಗವೆಳೆದು ಕರೆದ. ಮನೆಯಲ್ಲಿ ಹೆಂಡತಿಗೆ, “ನೀಲಾ, ಮಾತಿನಾಗ ಒಂದು ಕಲಾ ಇರ್ತದ. ಅದು ಎಲ್ಲಾರಿಗೂ ಒಲಿಯಂಗಿಲ್ಲ,” ಎಂದ.

“ಹೌದೇನ್ರಿ?” ಎಂದಳು ನೀಲಾಬಾಯಿ, ಜೋಳ ಹಸನು ಮಾಡುತ್ತ.

ಶುಕ್ರವಾರ ಬಂತು. ರಾಯಚೂರಿಗೆ ಹೋಗಿದ್ದ ಭಗತ ಕೊನೆಗೂ ಶಹಾಬಾದ ತಲುಪಿದ್ದ. ಗೋದಾಮು ಕಿಕ್ಕಿರಿದಿತ್ತು. ಸೂಗಪ್ಪ ಎಲೆಯಡಿಕೆ ಹಾಕಿ, ಗಂಟಲು ಸರಿಪಡಿಸಿಕೊಂಡು, ತನ್ನ ಮೀಸಲು ಕಂಬಕ್ಕೆ ಒರಗಿದ. ಇವತ್ತು ಸುಳ್ಳು ಹೇಳುವ ಪ್ರಮೇಯವೇ ಇಲ್ಲ, ಶುದ್ಧ ಧರ್ಮ! ಮಜೀದಸಾಬ ಹೇಳಿದಂತೆಯೇ ಭಗತ ಗಿಡದ ಬುಡಕ್ಕೆ ಕೂತ, ಹಾಡಿದ. ಸೂಗಪ್ಪ ಹಾಡಿನ ಒಂದೊಂದು ಮಾತಿಗೂ ಅರ್ಥ ಹೇಳಿದ. ಸಂಸಾರದ ನಶ್ವರತೆ ಹೇಳಿದ. ಮೋಹದ ಆರು ಬಗೆ ಹೇಳಿದ. ಆಚೆ ನಿಶ್ಶಬ್ದ. ಏಕಾಗ್ರತೆ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಸೀರೆಗಳ ಸರಸರ, ಬಳೆಗಳ ಸದ್ದು. ಆ ಸದ್ದು ಮೆಲ್ಲಗೆ ದೂರ ಸರಿದು ಮುಂದುಗಡೆ ಹೋಗಿ ನಿಂತಿತು.

ಬಳಿಕ ಅಲ್ಲಿಂದ ಒಂದು ದನಿ ಎದ್ದಿತು. ಮನೆಯಲ್ಲಿ ದಿನವೂ ಕೇಳುವ ಆ ದನಿ ಯಾರದೆಂದು ಸೂಗಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅಂವ ಹಾಡಾಕತ್ತಾನಂತ ತಿಳಕೊಂಡೀರೇನು? ಅಲ್ಲ! ಗಿಡದ ಮ್ಯಾಲ ಕಳ್ಳ ಕುಂತಾನ. ಅಂವಗ ನಿದ್ದಿ ಹತ್ತಲಿ ಅಂತ ಜೋಗುಳ ಹಾಡಾಕತ್ತಾನ. ಕಳ್ಳ ತೂಕಡಿಸಿ ಕೆಳಗ ಬಿದ್ದನೋ, ಆ ತಂಬೂರಿ ಅದಲಾ, ಅದು ಬಾರ್ಸೂದಕ್ಕಲ್ಲ...”

ಹೆಂಗಸರು ಉಸಿರು ಬಿಗಿಹಿಡಿದರು. ಗಂಡಸರ ಕಡೆ ಎಲ್ಲರ ಕತ್ತುಗಳೂ ಒಂದೇ ಸಲ ಪರದೆಯತ್ತ ತಿರುಗಿದವು. ಸೂಗಪ್ಪ ಸೋಲೊಪ್ಪದೆ ದನಿ ಏರಿಸಿ, “ಈ ದೇಹ ಅಂಬೂದು ಮಣ್ಣಿನ ಗಡಿಗಿ...” ಎಂದು ಶುರುಮಾಡಿದ.

ಹಿಂದಿನ ಬೆಂಚಿನಿಂದ ಒಂದು ಕೈ ಅವನ ಹೆಗಲ ಮೇಲೆ ಬಿತ್ತು. ಸ್ವತಃ ಮಜೀದಸಾಬ!

“ಗಡಿಗಿ ಆಮ್ಯಾಲ ಒಡೀರಿ ಮುನ್ಷಿಜಿ,” ಎಂದ ಅವನು, ಸೂಗಪ್ಪನನ್ನು ಮೆಲ್ಲನೆ ಎಬ್ಬಿಸಿ ತಾನೇ ಆ ಕಂಬಕ್ಕೆ ಕಿವಿಯಿಟ್ಟು ಕೂರುತ್ತ. “ಜರಾ ಆ ಕಡಿ ಸರೀರಿ. ಕಳ್ಳ ಬೀಳೂ ಹೊತ್ತಾತು.”