ಇವತ್ತಾದ್ರೂ ಕಳ್ಳ ಬಂದ್ನಾ?

ಮನೆಮನೆಗೆ ಕಳ್ಳರ ಗಂಟೆ ಕಟ್ಟುವವನ ಬದುಕಿನಲ್ಲಿ ಹಲ್ಲಿ ಬರುತ್ತದೆ, ಪಾರಿವಾಳ ಬರುತ್ತದೆ, ಬೀಗರು ಬರುತ್ತಾರೆ, ಕಳ್ಳನೊಬ್ಬ ಮಾತ್ರ ಬರುವುದಿಲ್ಲ. ಹೀಗಾಗಿ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ. ನನಗೆ ಮೊದಲಿನಿಂದಲೂ ನಗು ಕಡಿಮೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಹಮದಾಬಾದಿನ ಒಂದು ಸರ್ಕಾರಿ ಸಂಶೋಧನಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಮೇಲಧಿಕಾರಿಯ ಜೊತೆ ಜಗಳವಾಡಿ, ಕಾಯಂ ನೌಕರಿಗೆ ರಾಜೀನಾಮೆ ಬಿಸಾಕಿ, ವಡೋದರಾದ ಒಂದು ಸಣ್ಣ ಕಂಪನಿ ಸೇರಿದೆ. ಕೆಲಸ ಇಷ್ಟೇ: ಬಾಗಿಲು ಕಿಟಕಿಗೆ ಮ್ಯಾಗ್ನೆಟ್ ಸ್ವಿಚ್ಚು, ಅಡುಗೆಮನೆಯ ಚಾವಣಿಗೆ ಬಿಸಿ ಏರಿದರೆ ಎಚ್ಚರಿಸುವ ಒಂದು ಬಿಲ್ಲೆ, ಗೋಡೆಯ ಮೇಲೆ ಪ್ಯಾನೆಲ್ಲು, ಹೊರಗೆ ಗಂಟೆ. ಪ್ಯಾನೆಲ್ಲಿನ ಕೀ ತಿರುಗಿಸಿಟ್ಟ ಮೇಲೆ ಯಾರಾದರೂ ಬಾಗಿಲು ತೆಗೆದರೆ ಗಂಟೆ ಬಡಿಯುತ್ತದೆ. ಮತ್ತೆ ಕೀ ತಿರುಗಿಸಿದರಷ್ಟೇ ನಿಲ್ಲುತ್ತದೆ.

ನೌಕರಿ ಬಿಟ್ಟ ದಿನ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನೇ ಜೋಡಿಸಿದ ಮೊದಲ ಪ್ಯಾನೆಲ್ಲನ್ನು ವಡೋದರಾದ ಮಂಜಲ್‌ಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯ ಗೋಡೆಗೆ ಬಿಗಿದು, "ನಿನ್ನ ಅಮ್ಮನ ಬಳೆ ಇನ್ನು ಯಾರೂ ಮುಟ್ಲಿಕ್ಕಿಲ್ಲ" ಎಂದು ಜಂಬದಿಂದ ಹೇಳಿದೆ. ತೀರಿಹೋದ ತಾಯಿಯದು ಅಂತ ಅವಳಲ್ಲಿ ಉಳಿದದ್ದು ಎರಡು ಚಿನ್ನದ ಬಳೆ ಮಾತ್ರ. ಅವಳು ಪ್ಯಾನೆಲ್ಲನ್ನು ನೋಡಿದಳು, ಕೈಯ ಬಳೆ ನೋಡಿಕೊಂಡಳು, "ನೋಡುವ" ಎಂದಳು. ಅಂದಿನಿಂದ ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಹೊತ್ತಿಗೆ ಒಳಗಿನಿಂದ ಒಂದೇ ಪ್ರಶ್ನೆ: "ಇವತ್ತಾದ್ರೂ ಕಳ್ಳ ಬಂದ್ನಾ?"

ಬಂದಿರುತ್ತಿರಲಿಲ್ಲ. ನಾನು ಕಟ್ಟಿದ ಒಂದು ಗಂಟೆ, ಒಂದೇ ಒಂದು ಸಲ, ಒಬ್ಬ ನಿಜವಾದ ಕಳ್ಳನನ್ನು ಓಡಿಸಲಿ, ಆ ಸಂಜೆ ತಲೆಯೆತ್ತಿ ಅವಳಿಗೆ ಉತ್ತರ ಕೊಡುತ್ತೇನೆ ಎಂದು ವರ್ಷಗಟ್ಟಲೆ ಕಾದೆ. ಅದರ ಬದಲು ಮನೆಗೆ ಒಯ್ಯಲು ಸಿಕ್ಕಿದ್ದು ಇಂಥ ಕಥೆಗಳು.

೧. ಬಾಪೂಜಿಯ ತೂಗುಮಂಚ

ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಒಂದು ಮನೆಯವರು ಗೋಡೆ ಅದುರಿದರೆ ಸದ್ದು ಮಾಡುವ ಸ್ವಿಚ್ಚು ಹಾಕಿಸಿಕೊಂಡರು. ಅದಕ್ಕೆ ಒಳಗೇ ಒಂದು ಸಣ್ಣ ಬಜರ್. ಅದುರುವುದು ನಿಂತರೆ ತಾನೂ ಸುಮ್ಮನಾಗುವಂಥದು. ಮೂರನೇ ದಿನವೇ ದೂರು ಬಂತು, ಮಧ್ಯಾಹ್ನದ ಊಟವಾದ ಮೇಲೆ ದಿನಾ ಬಡಿದುಕೊಳ್ಳುತ್ತದೆ ಎಂದು.

ಹೋದೆ. ಪ್ಯಾನೆಲ್ಲು ಬಿಚ್ಚಿದೆ, ವೈರುಗಳನ್ನೆಲ್ಲ ಎಳೆದು ನೋಡಿದೆ, ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಯಜಮಾನರ ತಂದೆ ಊಟ ಮುಗಿಸಿ ಬಂದರು. ಮನೆಯವರೆಲ್ಲ ಬಾಪೂಜಿ ಎನ್ನುತ್ತಿದ್ದ ಭಾರೀ ಆಳು. ಹಾಲಿನ ತೂಗುಮಂಚದ ಮೇಲೆ ಕೂತು ಕಾಲಿನಿಂದ ನೆಲ ಒದ್ದರು. ಚಾವಣಿಯ ಕೊಂಡಿ ಕಿರ್ರೆಂದಿತು, ಗೋಡೆ ಅದುರಿತು, ಬಜರ್ ಹೊಡೆದುಕೊಂಡಿತು. ಗುಜರಾತಿ ಮನೆಯೆಂದರೆ ಹಾಲಿನಲ್ಲಿ ತೂಗುಮಂಚ ಇದ್ದೇ ಇರುತ್ತದೆ. ಅಷ್ಟು ವರ್ಷ ಆ ಊರಿನಲ್ಲಿದ್ದೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಮುಖ ಸಪ್ಪೆ ಮಾಡಿಕೊಂಡು ಸ್ವಿಚ್ಚು ಕೀಳಲು ಹೊರಟೆ. ಆ ಮನೆಯ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ಮೆಲ್ಲಗೆ ಹೇಳಿದಳು: "ಭಾಯ್, ಅದನ್ನು ತೆಗೆಯಬೇಡಿ. ಮಾವನವರು ಎಚ್ಚರ ಇದ್ದಾರೋ ನಿದ್ದೆ ಹೋದರೋ ನಮಗೆ ಇಷ್ಟು ದಿನ ತಿಳಿಯುತ್ತಿರಲಿಲ್ಲ. ಈಗ ಸದ್ದು ನಿಂತ ಕೂಡಲೇ ಸೆರಗು ಇಳಿಸಿ ರೇಡಿಯೋ ಹಚ್ಚುತ್ತೇವೆ."

೨. ಮೊಳೆಗೆ ನೇತುಹಾಕಿದ ಕೀ

ವಡೋದರಾದ ಹೌಸಿಂಗ್ ಸೊಸೈಟಿಗಳಲ್ಲಿ ಊರಿಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೀ ಕೊಟ್ಟು ಹೋಗುವುದು ರೂಢಿ. ತುಳಸಿಗೆ ನೀರು ಹಾಕಬೇಕಲ್ಲ. ಅಂಥ ಒಬ್ಬ ಗಿರಾಕಿಗೆ ನಾನು ಹತ್ತು ಸಲ ಹೇಳಿದ್ದೆ: ಮನೆಯ ಕೀ ಯಾರಿಗಾದರೂ ಕೊಡಿ, ಪ್ಯಾನೆಲ್ಲಿನ ಕೀ ಮಾತ್ರ ಯಾರಿಗೂ ಕೊಡಬೇಡಿ.

ಆತ ದ್ವಾರಕೆಗೆ ಹೋಗಿದ್ದಾಗ ನಾನು ತಪಾಸಣೆಗೆ ಹೋದೆ. ಪಕ್ಕದ ಮನೆಯ ಬೆನ್, ಅಂದರೆ ನಮ್ಮ ಕಡೆಯ ಅಕ್ಕ, ನಾನು ಯಾರೆಂದೂ ಕೇಳದೆ ಕೀ ಕೊಟ್ಟು, ಬಿಸಿಲು ಜಾಸ್ತಿ ಎಂದು ನೀರನ್ನೂ ಕೊಟ್ಟರು. ಬಾಗಿಲು ತೆಗೆದೆ. ಗಂಟೆ ಹೊಡೆಯಿತು. ಪ್ಯಾನೆಲ್ಲಿನ ಪಕ್ಕದಲ್ಲೇ ಒಂದು ಮೊಳೆ, ಮೊಳೆಗೆ ಕೀ, ಕೀಗೆ ಒಂದು ಚೀಟಿ. ಅದರ ಮೇಲೆ ಗುಜರಾತಿಯಲ್ಲಿ ದುಂಡಗೆ ಬರೆದಿತ್ತು: "ಗಂಟೆ ಬಂದ್ ಮಾಡುವ ಕೀ."

ಆತ ಊರಿನಿಂದ ಬಂದ ಮೇಲೆ ಹೋಗಿ ಜಗಳ ತೆಗೆದೆ. ಆತ ತಣ್ಣಗೆ ಹೇಳಿದ: "ನೀವು ಹೇಳಿದಂತೆ ಯಾರ ಕೈಗೂ ಕೊಟ್ಟಿಲ್ಲವಲ್ಲ. ಚೀಟಿ ನೆರೆಯವರಿಗೆ. ಕಳ್ಳರೆಲ್ಲ ಹೊರಗಿನಿಂದ ಬರುವವರು, ಅವರಿಗೆ ಎಲ್ಲಿ ಗುಜರಾತಿ ಓದಲು ಬರುತ್ತದೆ?"

"ನಾನೂ ಹೊರಗಿನವನೇ. ನಾನು ಓದಿದೆನಲ್ಲ" ಎಂದೆ.

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಮರುದಿನವೇ ಕೀಯ ಜಾಗ ಬದಲಾಯಿತು. ಎಲ್ಲಿಗೆ ಎಂದು ಇಡೀ ಸೊಸೈಟಿಗೆ ಗೊತ್ತಿತ್ತು, ನನ್ನೊಬ್ಬನಿಗೆ ಮಾತ್ರ ಹೇಳಲಿಲ್ಲ.

೩. ಉಧ್ನಾದಲ್ಲಿ ಮೌನ

ಸೂರತ್ತಿನ ಉಧ್ನಾದಲ್ಲಿ ಒಬ್ಬ ಶೇಠ್‌ಗೆ ಕೆಳಗೆ ಮಗ್ಗದ ಶೆಡ್ಡು, ಮೇಲೆ ಮನೆ. ಮನೆಗೆ ಗಂಟೆ ಕಟ್ಟಿದೆ. ಬಾಗಿಲು ತೆಗೆದು ಗಂಟೆ ಹೊಡೆಯುವಂತೆ ಮಾಡಿದೆ. ಕೆಳಗಿನ ಪವರ್‌ಲೂಮುಗಳ ಗದ್ದಲದಲ್ಲಿ ಪಕ್ಕದಲ್ಲಿ ನಿಂತಿದ್ದ ನನಗೇ ಅದು ಕೇಳಲಿಲ್ಲ. ಮುಟ್ಟಿ ನೋಡಿ, ನಡುಗುತ್ತಿದೆ, ಹಾಗಾದರೆ ಬಡಿಯುತ್ತಿದೆ ಎಂದು ತಿಳಿದುಕೊಂಡೆ. ದೊಡ್ಡ ಗಂಟೆ ತಂದೆ. ಆಮೇಲೆ ಸೈರನ್ ತಂದೆ. ಮೂರು ವಾರ ಮಂಜಲ್‌ಪುರ, ಉಧ್ನಾ ಎಂದು ರೈಲಿನಲ್ಲಿ ಓಡಾಡಿದ್ದೇ ಬಂತು. ಗಂಟೆ ಹೊಡೆದಾಗ ಒಬ್ಬನೂ ತಲೆ ಎತ್ತಿ ನೋಡಲಿಲ್ಲ. ಆ ದಿನಗಳಲ್ಲಿ ನನ್ನ ಇಡೀ ಬಾಳೇ ಹಾಗೆ ಬಡಿದುಕೊಳ್ಳುತ್ತಿದೆ ಅನ್ನಿಸುತ್ತಿತ್ತು.

ಶೆಡ್ಡಿನ ಹಿರಿಯ ಮೇಸ್ತ್ರಿ ಇದನ್ನೆಲ್ಲ ನೋಡಿ ನೋಡಿ ಕೊನೆಗೆ ಕೇಳಿದ: "ಸಾಹೇಬರೆ, ನಿಮಗೆ ಬೇಕಾದದ್ದು ಏನು? ಜನ ಓಡಿ ಬರಬೇಕು, ಅಷ್ಟೇ ತಾನೆ?"

"ಅಷ್ಟೇ."

ಅವನು ಹೋಗಿ ಮೇನ್ ಸ್ವಿಚ್ ಎಳೆದ. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಉಸಿರು ಬಿಡುವಷ್ಟರಲ್ಲಿ ಬೀದಿಯ ಕೆಲಸಗಾರರೆಲ್ಲ ಏನಾಯಿತು, ಏನಾಯಿತು ಎಂದು ಬಂದು ನಿಂತರು. ಶೇಠ್ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಮೆಟ್ಟಿಲಿಳಿದು ಬಂದ. ವಿಷಯ ತಿಳಿದ ಮೇಲೆ ನನ್ನ ಕಡೆ ತಿರುಗಿ, "ಇದು ಸರಿಯಾಗಿದೆ. ಇದನ್ನೇ ಕಟ್ಟಿಕೊಡಿ" ಎಂದ.

೪. ಬೆಂಕಿ ಎಲ್ಲಿ

ಸೂರತ್ತಿನಲ್ಲೇ ನಮ್ಮ ಉಡುಪಿ ಕಡೆಯವರ ಒಂದು ಹೋಟೆಲು. ಮಾಳಿಗೆಯಲ್ಲಿ ಯಜಮಾನರ ಸಂಸಾರ ಇದ್ದುದರಿಂದ ಕೆಳಗಿನ ಅಡುಗೆಮನೆಗೆ ಬಿಸಿಯ ಬಿಲ್ಲೆ ಹಾಕಿಸಿಕೊಂಡಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲೇ ಊಟಕ್ಕೆ ಕೂತಿದ್ದಾಗ ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿ ಗಂಟೆ ಹೊಡೆಯಿತು. ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಎದ್ದು ನಿಂತು, "ಬೆಂಕಿ, ಎಲ್ಲರೂ ಹೊರಗೆ ನಡೆಯಿರಿ" ಎಂದು ಕೂಗಿದೆ. ಒಬ್ಬರೂ ಏಳಲಿಲ್ಲ.

ಎದುರಿಗೆ ಕೂತಿದ್ದ ಗಿರಾಕಿ ಕೇಳಿದ: "ಬೆಂಕಿ ಎಲ್ಲಿ?"

"ಅಡುಗೆಮನೆಯಲ್ಲಿ."

"ಅಲ್ಲೇ ಇರಬೇಕಾದದ್ದು. ನನ್ನ ಮಸಾಲೆ ದೋಸೆ ಯಾಕೆ ತಡ ಅಂತ ಕೇಳಿಕೊಂಡು ಬನ್ನಿ."

ಅಷ್ಟರಲ್ಲಿ ಅಡುಗೆಯವನು ಒದ್ದೆ ಗೋಣಿ ಮುಚ್ಚಿ ಬೆಂಕಿ ಆರಿಸಿಯಾಗಿತ್ತು. ಆ ಸಂಜೆ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಮನೆಗೆ ಹೋದೆ. ಹೆಂಡತಿ ಎಂದಿನಂತೆ ಕೇಳಿದಳು. "ಕಳ್ಳ ಅಲ್ಲ, ಬೆಂಕಿ" ಎಂದೆ. ದೋಸೆಯವನ ಕಥೆ ಕೇಳಿ ಕಣ್ಣೀರು ಬರುವಷ್ಟು ನಕ್ಕಳು. ಕಣ್ಣೊರೆಸಿಕೊಂಡು, "ಆದ್ರೆ ಬೆಂಕಿ ಲೆಕ್ಕಕ್ಕಿಲ್ಲ" ಎಂದಳು.

೫. ಬಂದಿದ್ದ

ನಮ್ಮ ಮನೆಯಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ನಾನು ಮನೆಗೆ ಬಂದಾಗ ಗಂಟೆ ಹೊಡೆದರೆ ತಕ್ಷಣ ನಿಲ್ಲಿಸುತ್ತಿರಲಿಲ್ಲ. ಬ್ಯಾಟರಿ ಸರಿಯಿದೆಯೇ, ಸದ್ದು ಕುಗ್ಗಿದೆಯೇ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಅವಳು ಒಳಗಿನಿಂದ, "ಸಾಕು, ಬಂದ್ ಮಾಡಿ ಮಾರಾಯ್ರೆ" ಎಂದು ನಾಲ್ಕು ಸಲ ಕೂಗಿದ ಮೇಲೆ ಕೀ ತಿರುಗಿಸುತ್ತಿದ್ದೆ. ಅಕ್ಕಪಕ್ಕದವರಿಗೂ ಇದು ಅಭ್ಯಾಸವಾಗಿಹೋಗಿತ್ತು.

ಅದೊಂದು ದಿನ ನಾನು ಸೂರತ್ತಿನಿಂದ ಬೆಳಿಗ್ಗೆ ಹತ್ತಕ್ಕೆಲ್ಲ ಬರುತ್ತೇನೆ ಎಂದಿದ್ದೆ. ಅವಳಿಗೆ ಎಣ್ಣೆಸ್ನಾನದ ದಿನ. ಬಳೆ ಬಿಚ್ಚಿ ಕನ್ನಡಿಯ ಮುಂದಿಟ್ಟಳು. ಗಂಡ ಬಂದು ಬಾಗಿಲಲ್ಲಿ ಕಾಯಬಾರದು ಎಂದು ಚಿಲಕ ಹಾಕಲಿಲ್ಲ. ಚಿಲಕ ಹಾಕಿಲ್ಲವಲ್ಲ ಎಂದು ಪ್ಯಾನೆಲ್ಲು ಚಾಲೂ ಮಾಡಿದಳು. ಗಂಡ ಬಂದರೆ ನಿಲ್ಲಿಸಿಕೊಳ್ಳಲಿ ಎಂದು ಕೀಯನ್ನು ಅದರಲ್ಲೇ ಬಿಟ್ಟಳು. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ.

ನನ್ನ ರೈಲು ತಡವಾಯಿತು. ಗಂಟೆ ಸರಿಯಾದ ಹೊತ್ತಿಗೇ ಹೊಡೆಯಿತು.

ಅವಳು ಬಚ್ಚಲಿನಿಂದ ಕೂಗಿದಳು: "ಬಂದ್ರಾ? ಬಂದ್ ಮಾಡಿ ಮಾರಾಯ್ರೆ, ಕೀ ಅದ್ರಲ್ಲೇ ಉಂಟು."

ಗಂಟೆ ತಕ್ಷಣ ನಿಂತಿತು. ಅವಳಿಗೆ ಆಶ್ಚರ್ಯವಾಯಿತಂತೆ. ಒಂದೇ ಮಾತಿಗೆ ಕೇಳಿದ್ದಾರೆ, ಪಾಪ, ಆಯಾಸವಾಗಿರಬೇಕು ಎಂದುಕೊಂಡು, "ಫ್ಲಾಸ್ಕಿನಲ್ಲಿ ಕಾಫಿ ಉಂಟು, ಕುಡೀರಿ" ಎಂದಳು. ಲೋಟದ ಸದ್ದೂ ಕೇಳಿತು.

ನಾನು ಬಂದಾಗ ಬಾಗಿಲು ತೆರೆದೇ ಇತ್ತು. ಅವಳು ಒದ್ದೆ ಕೂದಲಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ನೀರು ಬೆನ್ನಿನಿಂದ ನೆಲಕ್ಕೆ ಇಳಿಯುತ್ತಿತ್ತು.

"ಬಂದಿದ್ದ" ಎಂದಳು.

"ಯಾರು?"

"ಕಳ್ಳ."

ಕನ್ನಡಿಯ ಮುಂದೆ ಬಳೆ ಇರಲಿಲ್ಲ. ಮೇಜಿನ ಮೇಲೆ ಕಾಫಿಯ ಲೋಟ ಇತ್ತು. ಒಂದು ಗುಟುಕು ಕುಡಿದು ಬಿಟ್ಟಿದ್ದ, ಚಹಾದ ಊರಿನವನು.

ಪಕ್ಕದ ಮನೆಯವರು ಬಂದು, ನಮಗೂ ಕೇಳಿಸಿತು, ಭಾಯ್ ಬಂದರು ಅಂದುಕೊಂಡೆವು, ಇವತ್ತು ಬೇಗ ನಿಲ್ಲಿಸಿದರಲ್ಲ ಎಂದು ಮೆಚ್ಚಿಕೊಂಡೆವು ಎಂದರು. ಠಾಣೆಯಿಂದ ಬಂದ ಹೆಡ್ ಕಾನ್‌ಸ್ಟೇಬಲ್ ಮೇಜಿನ ಮುಂದೆ ಕೂತು ಬರೆದುಕೊಳ್ಳತೊಡಗಿದರು.

"ಗಂಟೆ ಹೊಡೆಯಿತೆ?"

"ಹೊಡೆಯಿತು" ಎಂದಳು ಹೆಂಡತಿ.

"ಯಾರು ನಿಲ್ಲಿಸಿದರು?"

"ಕಳ್ಳ."

"ಹೇಗೆ ನಿಲ್ಲಿಸಬೇಕೆಂದು ಅವನಿಗೆ ಯಾರು ಹೇಳಿದರು?"

"ನಾನೇ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿ, ನಿಮ್ಮ ಉದ್ಯೋಗ ಏನು ಎಂದು ಕೇಳಿದರು. ಹೇಳಿದೆ. ಕರುಣೆಯುಳ್ಳ ಮನುಷ್ಯ. ಆ ಜಾಗವನ್ನು ಖಾಲಿ ಬಿಟ್ಟರು.

ಬಳೆ ಸಿಗಲಿಲ್ಲ. ಅವಳು ಅಳಲೂ ಇಲ್ಲ, ನನ್ನನ್ನು ಒಂದು ಮಾತು ಅನ್ನಲೂ ಇಲ್ಲ. ಸಂಜೆಯ ಪ್ರಶ್ನೆ ಮಾತ್ರ ನಿಂತುಹೋಯಿತು. ನಾನು ಚಪ್ಪಲಿ ಬಿಟ್ಟು ಒಂದು ಗಳಿಗೆ ಕಾಯುತ್ತಿದ್ದೆ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಹೊಸ ಕಥೆಗಳನ್ನು ಹೇಳಿದರೆ ಹೂಂಗುಟ್ಟುತ್ತಿದ್ದಳು, ನಗುತ್ತಿರಲಿಲ್ಲ. ಅವಳು ನಗದಿದ್ದ ಮೇಲೆ ನನಗೂ ಅವು ಕಥೆಗಳೆನ್ನಿಸಲಿಲ್ಲ, ಬರೀ ಕೆಟ್ಟ ದಿನಗಳೆನ್ನಿಸಿದವು. ಪ್ಯಾನೆಲ್ಲನ್ನು ಕಿತ್ತು ಹಾಕಲು ಒಮ್ಮೆ ಸ್ಕ್ರೂಡ್ರೈವರ್ ಹಿಡಿದೆ. "ಇರ್ಲಿ ಬಿಡಿ" ಎಂದಳು. ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿ, ಅದರದೂ ಪ್ಯಾನೆಲ್ಲಿನದೂ ಎರಡೂ ಕೀಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದೆ.

ಸುಮಾರು ಎರಡು ತಿಂಗಳಾಗಿರಬೇಕು. ಒಂದು ಸಂಜೆ ಅಹಮದಾಬಾದಿನಿಂದ ಬಂದು ಬೀಗ ತೆಗೆದೆ. ಗಂಟೆ ಹೊಡೆಯಿತು. ಕೈ ಜೇಬಿಗೆ ಹೋಯಿತು, ಆದರೆ ಕೀ ತೆಗೆಯಲಿಲ್ಲ. ಅವಳು ಕೂಗಲಿ ಎಂದು ನಿಂತೆ. ಗಂಟೆ ಬಡಿಯುತ್ತಲೇ ಇತ್ತು. ಎದುರು ಮನೆಯ ಕಿಟಕಿ ತೆರೆದು ಮುಚ್ಚಿಕೊಂಡಿತು. ಇನ್ನು ಅವಳು ಕೂಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗ ಅಡುಗೆಮನೆಯಿಂದ ಅವಳ ದನಿ ಬಂತು.

"ನೀವೇ ಅಂತ ಗೊತ್ತಾಯ್ತು, ಒಳಗೆ ಬನ್ನಿ. ಕಳ್ಳ ಆಗಿದ್ರೆ ಇಷ್ಟೊತ್ತಿಗೆ ಬಂದ್ ಮಾಡಿರ್ತಿದ್ದ."